ಪಾತ್ರೆ ತೊಳೆಯುವ ಯಂತ್ರಕ್ಕೆ ಉಪ್ಪೇಕೆ?

ಪಾತ್ರೆ ತೊಳೆಯುವ ಯಂತ್ರವನ್ನು ಮನೆಗೆ ತಂದವರು ಅದರ ತಳದಲ್ಲಿ ಉಪ್ಪು ತುಂಬುವ ಬಾಯೊಂದನ್ನು ಕಂಡು ಆಶ್ಚರ್ಯಪಡುವುದುಂಟು. ಉಪ್ಪು ಅಡಿಗೆಗೆ ಬೇಕಾದ ವಸ್ತು. ಪಾತ್ರೆ ತೊಳೆಯುವುದಕ್ಕೆ ಅದರಿಂದೇನು ಪ್ರಯೋಜನ? ಈ ಪ್ರಶ್ನೆಯ ಉತ್ತರವನ್ನು ಅರಿತವನಿಗೆ ಯಂತ್ರವನ್ನು ಕಾಪಾಡುವ ಕ್ರಮದ ಬಹುಭಾಗವೂ ತಿಳಿದಂತೆಯೇ ಸರಿ.

ಮೊದಲು ಯಂತ್ರವು ಕೆಲಸಮಾಡುವ ಬಗೆಯನ್ನು ನೋಡೋಣ. ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ 1886ರ ಡಿಸೆಂಬರಿನಲ್ಲಿ ಇಂತಹ ಯಂತ್ರವೊಂದಕ್ಕೆ ಪೇಟೆಂಟ್ ಪಡೆದರು. ತಟ್ಟೆಗಳನ್ನು ತಂತಿಯ ಗೂಡುಗಳಲ್ಲಿ ನಿಲ್ಲಿಸಿ, ಬಿಸಿಯಾದ ಸಾಬೂನು ನೀರನ್ನು ಅವುಗಳ ಮೇಲೆ ರಭಸದಿಂದ ಚಿಮ್ಮಿಸುವುದು ಆಕೆಯ ಉಪಾಯವಾಗಿತ್ತು. ಇಂದಿನ ಯಂತ್ರದಲ್ಲಿ ತಳದ ನೀರನ್ನು ಪಂಪು ಮೇಲೆತ್ತಿ, ತೂತುಗಳುಳ್ಳ ತೋಳುಗಳಿಗೆ ಒದಗಿಸುತ್ತದೆ. ನೀರು ಓರೆಯಾಗಿ ಚಿಮ್ಮಿದೊಡನೆ ತೋಳು ಎದುರು ದಿಕ್ಕಿಗೆ ತಿರುಗತೊಡಗುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮದ ಫಲ. ಅದೇ ನೀರು ಮತ್ತೆ ಮತ್ತೆ ಸುತ್ತುವುದರಿಂದ ಕೆಲವೇ ಲೀಟರುಗಳು ಸಾಕಾಗುತ್ತವೆ.

ಇಲ್ಲಿ ಉಜ್ಜುವ ಕೈಯಿಲ್ಲ. ಆ ಕೊರತೆಯನ್ನು ಶಾಖ, ಕ್ಷಾರ, ಕಿಣ್ವ ಈ ಮೂರೂ ಸೇರಿ ತುಂಬುತ್ತವೆ. ತೊಳೆಯುವ ಪುಡಿಯಲ್ಲಿರುವ ಸೋಡಿಯಂ ಕಾರ್ಬೊನೇಟಿನಂತಹ ಕ್ಷಾರಗಳು ಜಿಡ್ಡನ್ನು ಬಿಡಿಸುತ್ತವೆ. ಕಿಣ್ವಗಳು ಅಂಟಿಕೊಂಡ ಅನ್ನದ ಪಿಷ್ಟವನ್ನೂ ಬೇಳೆಯ ಪ್ರೋಟೀನನ್ನೂ ಒಡೆಯುತ್ತವೆ. ಕೈಯಿಂದ ತೊಳೆಯುವಾಗ ಬಳಸುವ ಸಾಬೂನನ್ನು ಇದರಲ್ಲಿ ಹಾಕಲಾಗದು. ಏಕೆಂದರೆ ಅದರ ನೊರೆ ಪಂಪಿನೊಳಗೆ ಸೇರಿ ನೀರಿನ ರಭಸವನ್ನೇ ಕುಂದಿಸುತ್ತದೆ.

ಈಗ ನೀರಿನ ವಿಷಯಕ್ಕೆ ಬರೋಣ. ನಮ್ಮ ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಎಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿ ಕರಗಿರುತ್ತವೆ. ಇಂತಹ ನೀರನ್ನು ಕಾಯಿಸಿದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಸ್ನಾನದ ಹಂಡೆಯ ಒಳಮೈಯಲ್ಲಿ ಕಟ್ಟುವ ಬಿಳಿಯ ಹಕ್ಕಳೆ ಇದೇ. ಯಂತ್ರದೊಳಗೆ ಅದು ಶಾಖದ ಭಾಗಗಳ ಮೇಲೆ ಕಟ್ಟಿ ವಿದ್ಯುತ್ತನ್ನು ವ್ಯರ್ಥಗೊಳಿಸುತ್ತದೆ, ತೋಳುಗಳ ತೂತುಗಳನ್ನು ಮುಚ್ಚುತ್ತದೆ, ಗಾಜಿನ ಲೋಟಗಳನ್ನು ಮಂಕುಗೊಳಿಸುತ್ತದೆ.

ಇದನ್ನು ತಡೆಯಲು, ಅನೇಕ ಯಂತ್ರಗಳಲ್ಲಿ ನೀರು ಬರುವ ದಾರಿಯಲ್ಲಿಯೇ ರಾಳದ ಸಣ್ಣ ಮಣಿಗಳನ್ನು ತುಂಬಿದ ಕೋಶವೊಂದಿರುತ್ತದೆ. ಮಣಿಗಳು ಸೋಡಿಯಂ ಅಯಾನುಗಳನ್ನು ಹಿಡಿದುಕೊಂಡಿರುತ್ತವೆ. ಗಡಸು ನೀರು ಹರಿದುಬಂದಾಗ ಪ್ರತಿಯೊಂದು ಕ್ಯಾಲ್ಸಿಯಂ ಅಯಾನನ್ನು ಹಿಡಿದು, ಅದಕ್ಕೆ ಬದಲಾಗಿ ಎರಡು ಸೋಡಿಯಂ ಅಯಾನುಗಳನ್ನು ನೀರಿಗೆ ಬಿಡುತ್ತವೆ. ಸೋಡಿಯಂ ಲವಣಗಳು ಹಕ್ಕಳೆ ಕಟ್ಟುವುದಿಲ್ಲ. ಮಣಿಗಳಲ್ಲಿನ ಸೋಡಿಯಂ ತೀರುತ್ತ ಬಂದಾಗ ಯಂತ್ರವು ಅವುಗಳ ಮೇಲೆ ಗಾಢವಾದ ಉಪ್ಪುನೀರನ್ನು ಹರಿಸುತ್ತದೆ. ಕ್ಯಾಲ್ಸಿಯಮಿನ ಹಿಡಿತ ಬಲವಾದುದಾದರೂ, ಉಪ್ಪುನೀರಿನ ಸೋಡಿಯಂ ಅಯಾನುಗಳು ಅಪಾರ ಸಂಖ್ಯೆಯಲ್ಲಿರುವುದರಿಂದ ವಿನಿಮಯವು ಹಿಂದುಮುಂದಾಗಿ, ಕ್ಯಾಲ್ಸಿಯಂ ಚರಂಡಿಗೆ ಹರಿದುಹೋಗುತ್ತದೆ. ಆದುದರಿಂದ ಉಪ್ಪು ತೊಳೆಯುವುದು ಪಾತ್ರೆಗಳನ್ನಲ್ಲ, ಈ ಮಣಿಗಳನ್ನು.

ಇದರಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಕಲ್ಲುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ಬೆರೆತಿರುವುದರಿಂದ ಅದು ಸಲ್ಲದು. ಊಟದ ಪುಡಿಯುಪ್ಪಿನಲ್ಲಿ ಗಂಟುಕಟ್ಟದಂತೆ ಬೇರೆ ವಸ್ತುಗಳನ್ನು ಸೇರಿಸಿರುವುದರಿಂದ ಅದೂ ಸಲ್ಲದು. ಯಂತ್ರಕ್ಕೆಂದೇ ಮಾರುವ ಶುದ್ಧವಾದ ಉಪ್ಪನ್ನೇ ತುಂಬಬೇಕು. ತುಂಬಿದೊಡನೆ ಯಂತ್ರವನ್ನು ನಡೆಸಿರಿ. ಇಲ್ಲವಾದರೆ ಚೆಲ್ಲಿದ ಉಪ್ಪು ಉಕ್ಕನ್ನು ತಿನ್ನುತ್ತದೆ. ನೀರಿನ ಗಡಸುತನವನ್ನು ಪರೀಕ್ಷಿಸಿ, ಅದಕ್ಕೆ ಸರಿಯಾಗಿ ಯಂತ್ರವನ್ನು ಹೊಂದಿಸಿರಿ.

ಉಳಿದ ಎಚ್ಚರಿಕೆಗಳೂ ಇಷ್ಟೇ ಸರಳ. ಕರಿಬೇವಿನ ಎಲೆ, ಅನ್ನದ ಅಗುಳುಗಳನ್ನು ಮೊದಲೇ ತೆಗೆದು, ತಳದ ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯಬೇಕು. ತೋಳು ತಿರುಗುವುದಕ್ಕೆ ಅಡ್ಡಿಯಾಗದಂತೆ ಪಾತ್ರೆಗಳನ್ನು ಜೋಡಿಸಬೇಕು. ಕ್ಷಾರವು ಅಲ್ಯೂಮಿನಿಯಂ ಪಾತ್ರೆಗಳನ್ನು ಕಪ್ಪಾಗಿಸುತ್ತದೆ; ಹಿತ್ತಾಳೆ ತಾಮ್ರಗಳ ಹೊಳಪನ್ನು ಕೆಡಿಸುತ್ತದೆ; ಕಬ್ಬಿಣದ ಕಾವಲಿಗೆ ತುಕ್ಕು ಹಿಡಿಯುತ್ತದೆ. ಇವನ್ನು ಕೈಯಿಂದಲೇ ತೊಳೆಯುವುದು ಮೇಲು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ತೊಳೆಯುವ ಪುಡಿಯನ್ನೂ ಬಣ್ಣಬಣ್ಣದ ಬಿಲ್ಲೆಗಳನ್ನೂ ಮಕ್ಕಳ ಕೈಗೆಟುಕದಂತೆ ಇಡತಕ್ಕದ್ದು. ಮಿಠಾಯಿಯೆಂದು ಬಾಯಿಗಿಟ್ಟ ಬಿಲ್ಲೆ ಬಾಯನ್ನೂ ಗಂಟಲನ್ನೂ ಸುಡಬಲ್ಲದು.

ಕೊನೆಯದಾಗಿ, ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದಾದ ಒಂದು ಪರೀಕ್ಷೆ. ಮಂಕಾದ ಗಾಜಿನ ಲೋಟದ ಮೇಲೆ ನಿಂಬೆಹಣ್ಣಿನ ರಸವನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು ತೊಳೆಯಿರಿ. ಮಂಕು ಹೋದರೆ ಅದು ಆಮ್ಲದಲ್ಲಿ ಕರಗುವ ಹಕ್ಕಳೆ. ಉಪ್ಪು ಮುಗಿದಿದೆಯೇ, ಗಡಸುತನದ ಹೊಂದಿಕೆ ಸರಿಯಾಗಿದೆಯೇ ನೋಡಬೇಕು. ಮಂಕು ಹಾಗೆಯೇ ನಿಂತರೆ ಗಾಜಿನ ಮೈಯೇ ಸವೆದಿರುವ ಸಂಭವವುಂಟು. ಅತಿ ಮೆದುವಾದ ನೀರು, ಹೆಚ್ಚಾದ ಪುಡಿ, ಹೆಚ್ಚಾದ ಶಾಖ ಇವು ಅದಕ್ಕೆ ಕಾರಣ. ಆಗ ಮಾಡಬೇಕಾದುದು ಇವುಗಳನ್ನು ತಗ್ಗಿಸುವುದು. ಸವೆದ ಗಾಜಿನ ಹೊಳಪು ಮಾತ್ರ ಮರಳಿ ಬಾರದು.