ಹೇಂಟೆಯ ದನಿಯಲ್ಲಿ ಕೂಗುವ ಮುನ್ನ

ಬರುವ ವಸಂತಕ್ಕೆ ಪೆನ್ಸಿಲ್ವೇನಿಯಾದ ಕಾಡಿಗೆ ಟರ್ಕಿ ಕೋಳಿಯ ಶಿಕಾರಿಗೆ ಹೋಗುತ್ತೇನೆ ಮಾವ, ಯಾವ ಕೋವಿ ಕೊಳ್ಳಲಿ ಅಂತ ಕೇಳಿದ್ದೀಯ. ಕೋವಿಯ ಮಾತು ಆಮೇಲಾಗಲಿ. ಮೊದಲು ಕಾಗದಪತ್ರ ಸರಿಮಾಡಿಕೋ, ಮಗಳೇ. ನೀನಿನ್ನೂ ಎಚ್-1ಬಿ ವೀಸಾದ ಮೇಲಿದ್ದೀಯ. ಅಂಥವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇರುವುದು. ಮೊದಲ ಸಲದವರು ಆ ಲೈಸೆನ್ಸ್ ಪಡೆಯಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಬೇಕು. ಹಾಗಾಗಿ ಕೋರ್ಸ್, ಲೈಸೆನ್ಸ್, ಆಮೇಲೆ ಕೋವಿ. ಈ ಸಾಲು ತಪ್ಪಬಾರದು. ಗೆಳತಿಯ ಕೋವಿಯನ್ನು ಸುಮ್ಮನೆ ಹಿಡಿದು ನೋಡೋಣ ಅಂತಲೂ ಹೊರಡಬೇಡ. ನಿನ್ನ ವೀಸಾ ನೋಡಿಕೊಳ್ಳುವ ವಕೀಲರನ್ನೂ ಒಂದು ಮಾತು ಕೇಳು.

ನಿನ್ನಮ್ಮ ಫೋನಿನಲ್ಲಿ, ಕಾಡಿನ ಹಕ್ಕಿಯನ್ನು ಕೊಲ್ಲುವುದು ಸರಿಯೇನೋ ಅಂದಳು. ನಮ್ಮಲ್ಲಿ ಬೇಟೆಗೆ ಕಡಿವಾಣ ಹಾಕಿದ 1972ರ ವನ್ಯಜೀವಿ ಕಾಯ್ದೆಯ ನೆರಳಲ್ಲಿ ಬೆಳೆದವಳು, ಕೇಳಲೇಬೇಕಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಅವಳಿಗೆ ಇಷ್ಟು ಹೇಳು. ಕಾಡು ಕಡಿದು, ಲಗಾಮಿಲ್ಲದೆ ಹೊಡೆದು, 1930ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಉಳಿದಿದ್ದ ಕಾಡು ಟರ್ಕಿಗಳು ಸುಮಾರು ಎರಡು ಲಕ್ಷ. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬೇಟೆಯ ಕೋವಿ, ತೋಟಾಗಳ ಮೇಲಿನ (ಈಗ ಶೇ. 11ರ) ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗತೊಡಗಿತು. ಸಾಕಿ ಬಿಟ್ಟ ಹಕ್ಕಿಗಳು ಕಾಡಿನಲ್ಲಿ ಬದುಕಲಿಲ್ಲ. ಕಾಡು ಹಕ್ಕಿಗಳನ್ನೇ ಬಲೆ ಹಾರಿಸಿ ಹಿಡಿದು, ಬರಿದಾದ ಕಾಡುಗಳಿಗೆ ಸಾಗಿಸಿ ಬಿಟ್ಟಾಗ ಅವು ನೆಲೆನಿಂತವು. ಈಗ ಅರವತ್ತು ಲಕ್ಷದ ಆಸುಪಾಸು ಇವೆ. ನೀನು ಕೊಡುವ ಲೈಸೆನ್ಸ್ ಹಣವೂ ಇಂಥ ಕೆಲಸಕ್ಕೇ ಸೇರುತ್ತದೆ. ಅಷ್ಟಾದ ಮೇಲೂ ಜೀವ ತೆಗೆಯಲು ಮನಸ್ಸೊಪ್ಪದಿದ್ದರೆ ಬರಿಗೈಯಲ್ಲಿ ಹೋಗಿ ಕೂಗು ಕೇಳಿ ಬಾ. ನನಗೆ ಅಷ್ಟೇ ಸಂತೋಷ.

ಇನ್ನು ನಾನು ಹೇಳಬೇಕಾಗಿರುವ ಮುಖ್ಯ ಮಾತು. ನಮ್ಮ ಮಲೆನಾಡಿನ ಹಿರಿಯರು ಮರಸು ಕೂತು ಪ್ರಾಣಿಗೆ ಕಾಯುತ್ತಿದ್ದರು, ಉಸಿರೂ ಕೇಳಿಸದ ಹಾಗೆ. ಇಲ್ಲಿ ನೀನು ಮರಕ್ಕೊರಗಿ ಕೂತು ಹೇಂಟೆ ಟರ್ಕಿಯ ದನಿಯಲ್ಲಿ ಕೂಗುತ್ತೀಯ. ಮೈಯೆಲ್ಲ ಎಲೆ ಬಣ್ಣದ ಬಟ್ಟೆ, ಮುಖಕ್ಕೂ ಕೈಗೂ ಮುಸುಕು. ಅದೇ ಕಾಡಿನಲ್ಲಿ ಕೋವಿ ಹಿಡಿದ ಇನ್ನೊಬ್ಬನಿದ್ದರೆ ಅವನ ಕಿವಿಗೆ ನೀನು ಮನುಷ್ಯಳಲ್ಲ, ಟರ್ಕಿ. ಈ ಶಿಕಾರಿಯ ಅಪಾಯವೆಲ್ಲ ಇಲ್ಲಿದೆ.

ಆದ್ದರಿಂದ ಕೆಂಪು, ಬಿಳಿ, ನೀಲಿ ಬಣ್ಣದ ಒಂದು ನೂಲೂ ಮೈಮೇಲಿರಬಾರದು. ಕೆರಳಿದ ಹುಂಜದ ತಲೆ ಆ ಮೂರೇ ಬಣ್ಣದ್ದು. ಕಾಲುಚೀಲ, ಒಳಗಿನ ಬನಿಯನ್, ಮೂಗೊರೆಸುವ ಕಾಗದ ಎಲ್ಲವನ್ನೂ ಹಿಂದಿನ ರಾತ್ರಿಯೇ ನೋಡಿಕೋ. ಕಪ್ಪೂ ಬೇಡ. ಒರಗುವ ಮರ ನಿನ್ನ ಭುಜಕ್ಕಿಂತ ಅಗಲ, ತಲೆಗಿಂತ ಎತ್ತರ ಇರಲಿ. ಬೆನ್ನ ಕಡೆಯಿಂದ ಯಾರಾದರೂ ಹಾರಿಸಿದರೆ ತಡೆಯುವುದು ಅದೊಂದೇ. ಯಾರೋ ನಡೆದು ಬರುವುದು ಕಂಡರೆ ಕೈ ಬೀಸಬೇಡ, ಏಳಬೇಡ, ಟರ್ಕಿಯಂತೆ ಕೂಗಿ ಸೂಚನೆ ಕೊಡಲಂತೂ ಬೇಡ. ಕದಲದೆ ಕೂತಲ್ಲೇ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ‘ಸ್ಟಾಪ್’ ಅನ್ನು. ಹಕ್ಕಿ ಹಾರಿಹೋಯಿತಲ್ಲ ಅಂತ ಹಳಹಳಿಸಬೇಡ. ಜಾಗ ಬದಲಿಸಲು ನಡೆಯುವಾಗ ಕಿತ್ತಳೆ ಬಣ್ಣದ ಟೊಪ್ಪಿ ಹಾಕಿಕೋ. ಹೊಡೆದ ಹಕ್ಕಿಯನ್ನೂ ಕಿತ್ತಳೆ ಬಟ್ಟೆಯಲ್ಲಿ ಸುತ್ತಿಯೇ ಹೊತ್ತು ತಾ.

ನೀನೂ ಇನ್ನೊಬ್ಬರ ವಿಷಯದಲ್ಲಿ ಅದೇ ತಪ್ಪು ಮಾಡಬಾರದು. ಹುಂಜದ ಕೂಗು ಕೇಳಿತೆಂದು ಅದರತ್ತ ಪೊದೆ ಸರಿಸಿಕೊಂಡು ಹೋಗಬೇಡ. ಕೂಗಿದ್ದು ಮನುಷ್ಯನಿರಬಹುದು. ಪೆನ್ಸಿಲ್ವೇನಿಯಾದಲ್ಲಿ ವಸಂತದ ಟರ್ಕಿಯನ್ನು ಕೂಗಿ ಕರೆದೇ ಹೊಡೆಯಬೇಕು, ಹಿಂಬಾಲಿಸಿ ಹೊಡೆಯುವುದು ಕಾನೂನಿಗೇ ವಿರುದ್ಧ. ಈ ಕಾಲದಲ್ಲಿ ಎದೆಯಿಂದ ಗಡ್ಡ ಇಳಿಬಿದ್ದಿರುವ ಹಕ್ಕಿಯನ್ನಷ್ಟೇ ಹೊಡೆಯಬಹುದು. ತಲೆ, ಎದೆ, ಗಡ್ಡ ಮೂರೂ ಸ್ಪಷ್ಟವಾಗಿ ಕಾಣುವವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು. ಅಪರೂಪಕ್ಕೆ ಹೇಂಟೆಗೂ ಗಡ್ಡ ಇರುತ್ತದೆ. ಕಾನೂನು ಬಿಟ್ಟರೂ ನೀನು ಅದನ್ನು ಹೊಡೆಯಬೇಡ, ಎಲ್ಲೋ ಮೊಟ್ಟೆಗೆ ಕೂರಬೇಕಾದದ್ದು ಅದು.

ಕೋವಿಗೆ ಬರೋಣ. ನಿನ್ನ ಭುಜಕ್ಕೆ 20 ಗೇಜ್ ಸಾಕು. ನಳಿಗೆಯ ತುದಿಗೆ ಚರೆ ಹರಡದಂತೆ ಹಿಡಿಯುವ, ಟರ್ಕಿಗೆಂದೇ ಮಾಡಿದ ಬಿಗಿ ಚೋಕ್, 5 ಅಥವಾ 6ನೇ ನಂಬರಿನ ಚರೆ. ಗುರಿ ತಲೆ-ಕತ್ತಿನ ನಡುವೆ ಮಾತ್ರ. ರೆಕ್ಕೆ ಪುಕ್ಕದ ಮೈಗೆ ಹೊಡೆದರೆ ಗಾಯಗೊಂಡು ಎಲ್ಲೋ ಹೋಗಿ ನರಳಿ ಸಾಯುತ್ತದೆ. ಶಿಕಾರಿಗೆ ಮುಂಚೆ ಕಾಗದಕ್ಕೆ ಹೊಡೆದು ನೋಡು: 20, 30, 40 ಗಜಗಳಲ್ಲಿ ನಿನ್ನ ಕೋವಿ ಚರೆಯನ್ನು ಹೇಗೆ ಹರಡುತ್ತದೆ ಅಂತ. ನಿನ್ನ ದೂರ ಎಷ್ಟೆಂದು ಆ ಕಾಗದವೇ ಹೇಳುತ್ತದೆ. ಅದು 30 ಗಜ ಅಂದರೆ 30 ಗಜವೇ, ಹುಂಜ ಎಷ್ಟೇ ದೊಡ್ಡದಿರಲಿ.

ಕೂಗಲು ಮರದ ಬಾಕ್ಸ್ ಕಾಲ್ ಕೊಳ್ಳು, ಹೊಸಬರ ಕೈಗೆ ಬೇಗ ಒಲಿಯುತ್ತದೆ. ಹಿಂದಿನ ಸಂಜೆ ಹಕ್ಕಿಗಳು ಯಾವ ಮರಗಳಿಗೆ ಹಾರಿ ಕೂರುತ್ತವೆಂದು ದೂರದಿಂದ ಕಿವಿಗೊಟ್ಟು ಕೇಳು. ಬೆಳಗಾಗುವ ಮುಂಚೆ ಕತ್ತಲಲ್ಲೇ, ಆ ಮರಗಳಿಂದ ನೂರು ಗಜಕ್ಕೂ ದೂರದಲ್ಲಿ ಹೋಗಿ ಕೂತುಬಿಡು. ಆಮೇಲೆ ಕಡಿಮೆ ಕೂಗು. ಟರ್ಕಿಗಳಲ್ಲಿ ಹುಂಜ ಕೂಗಿದರೆ ಹೇಂಟೆ ಅದರ ಬಳಿಗೆ ಹೋಗುವುದು ರೂಢಿ. ನೀನು ಆ ಪದ್ಧತಿಯನ್ನೇ ತಿರುವಿ, ಹುಂಜವನ್ನು ನಿನ್ನ ಬಳಿಗೆ ಕರೆಯುತ್ತಿದ್ದೀಯ. ಅದು ಅನುಮಾನಿಸುತ್ತದೆ, ನಿಲ್ಲುತ್ತದೆ, ಎಷ್ಟೋ ಸಲ ಸದ್ದೇ ಮಾಡದೆ ಬರುತ್ತದೆ. ಕೂಗು ನಿಂತಿತೆಂದು ಎದ್ದುಬಿಡಬೇಡ, ಇನ್ನೂ ಮುಕ್ಕಾಲು ಗಂಟೆ ಕೂರು. ಅದರ ಮೂಗು ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಬಲು ಚುರುಕು. ಸೊಳ್ಳೆ ಕಚ್ಚಿದರೂ ಕೈ ಏಳಬಾರದು.

ಸೊಳ್ಳೆಗಿಂತ ಉಣುಗಿನ ಭಯ ಹೆಚ್ಚು. ಪೆನ್ಸಿಲ್ವೇನಿಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಲೈಮ್ ಕಾಯಿಲೆ ಬರುವುದು ಸಾಮಾನ್ಯ. ಬಟ್ಟೆಗೆ ಪರ್ಮೆಥ್ರಿನ್ ಹೊಡೆದು ಒಣಗಿಸಿ ತೊಟ್ಟುಕೋ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕು. ಮನೆಗೆ ಬಂದಕೂಡಲೇ ಸ್ನಾನ, ಮಂಡಿಯ ಹಿಂದೆ, ಕಿವಿಯ ಹಿಂದೆ ಹುಡುಕಿ ನೋಡು.

ಹಕ್ಕಿ ಬಿದ್ದರೆ ಓಡಬೇಡ. ಕೋವಿಗೆ ಸೇಫ್ಟಿ ಹಾಕಿ ನಡೆದು ಹೋಗು. ಒದೆಯುತ್ತಿರುವಾಗ ಕಾಲು ಹಿಡಿಯಲು ಹೋದೀಯ, ಅದರ ಮುಳ್ಳು ಕೈ ಸೀಳುತ್ತದೆ. ಅಲ್ಲಿಂದ ಕದಲಿಸುವ ಮುಂಚೆಯೇ ಲೈಸೆನ್ಸಿನ ಜೊತೆ ಬಂದ ಟ್ಯಾಗ್ ತುಂಬಿ ಕಟ್ಟು. ಹತ್ತು ದಿನದೊಳಗೆ, ಆ ರಾಜ್ಯದ ಬೇಟೆ ನೋಡಿಕೊಳ್ಳುವ ಗೇಮ್ ಕಮಿಷನ್‌ಗೆ ವರದಿ ಮಾಡು. ಎದೆಯ ಮಾಂಸ ಬೇಗ ಬೇಯುತ್ತದೆ. ಕಾಲು ಗಡಸು, ಹಗಲೆಲ್ಲ ನಡೆದಾಡುವ ಹಕ್ಕಿಯದು, ಸಣ್ಣ ಉರಿಯಲ್ಲಿ ಮೂರು-ನಾಲ್ಕು ಗಂಟೆ ಬೇಕು. ಕತ್ತಿನ ಭಾಗವನ್ನೂ ಅದರ ಸುತ್ತಲಿನ ಮಾಂಸವನ್ನೂ ಬೆರಳಾಡಿಸಿ ಪರೀಕ್ಷಿಸು, ಒಳಗೆ ಉಳಿದ ಚರೆಯನ್ನೆಲ್ಲ ತೆಗೆದ ಮೇಲೆಯೇ ಒಲೆಯ ಮೇಲಿಡು.