ಆಮೆಯ ಮನೆ ಯಾವುದು?

ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವಾಗ ದೊರೆತ ಆಮೆಯನ್ನು ಮಕ್ಕಳು ಕನಿಕರದಿಂದ ಮನೆಗೆ ತರುವದು ನಮ್ಮ ಹೊಸರಿತ್ತಿಯ ಸೀಮೆಯಲ್ಲಿ ಉಂಟು. ಈ ಕೆರೆಯಾಮೆಯು ನೀರು ಬತ್ತಿದಾಗ ಕೆಸರಿನಲ್ಲಿ ಹುದುಗಿ ಮಳೆಯ ದಾರಿ ಕಾಯುವದು. ಅಲುಗದಿದ್ದ ಮಾತ್ರಕ್ಕೆ ಸತ್ತಿತೆಂದೆಣಿಸಬಾರದು. ಬಸವನಹುಳು, ಕಪ್ಪೆ, ಮೀನು, ಜಲಸಸ್ಯಗಳು ಇದರ ಆಹಾರ, ರೊಟ್ಟಿಯಲ್ಲ.

ನೀರು ಶುಚಿಯಾಗುವದೆಂದು ಆಮೆಯನ್ನು ಬಾವಿಗೆ ಬಿಡುವ ರೂಢಿಯೂ ಇದೆ. ನಾವೂ ಬಾಲ್ಯದಲ್ಲಿ ಒಂದನ್ನು ಹಾಗೆ ಬಿಟ್ಟು, ಉಪಕಾರ ಮಾಡಿದೆವೆಂದು ಹಿಗ್ಗಿದ್ದೆವು. ಆದರೆ ಹೆಣ್ಣಾಮೆಯು ತತ್ತಿಯಿಡಲು ದಂಡೆಯ ಮಣ್ಣಿಗೆ ಏರಿಬರಬೇಕು. ಕಲ್ಲು ಕಟ್ಟಿದ ಬಾವಿಯಲ್ಲಿ ಆ ಮಣ್ಣೆಲ್ಲಿ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿದ ಇದನ್ನು ಮನೆಯಲ್ಲಿಟ್ಟು ಸಾಕುವದು ಅಪರಾಧವೂ ಹೌದು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ, ದೊರೆತ ಕೆರೆಯ ಹೆಸರನ್ನು ತಪ್ಪದೆ ತಿಳಿಸಬೇಕು. ಗುಣವಾದ ಮೇಲೆ ಅದನ್ನು ಬಿಡತಕ್ಕ ಸ್ಥಳ ಅದೇ.