ಅಸೂಟಿಯಿಂದ ನೈರೋಬಿಗೆ: ಹೊರಡುವ ಮುನ್ನ ಹೈಕಮಿಷನ್ ವಿಳಾಸ

ರೋಣ ತಾಲೂಕಿನ ಅಸೂಟಿಯಿಂದ ಕೀನ್ಯಾ ನೋಡಲು ಹೊರಟವರು ದೆಹಲಿಯ ಕೀನ್ಯಾ ಹೈಕಮಿಷನ್ನಿಗೆ ಅಲೆಯಬೇಕಾಗಿಲ್ಲ. (ಎರಡೂ ಕಾಮನ್‌ವೆಲ್ತ್ ದೇಶಗಳಾದ್ದರಿಂದ ರಾಯಭಾರ ಕಚೇರಿಗೆ ಇಲ್ಲಿ ಹೈಕಮಿಷನ್ ಎಂದೇ ಹೆಸರು.) 2024ರ ಜನವರಿಯಿಂದ ಕೀನ್ಯಾ ವೀಸಾ ಕೈಬಿಟ್ಟು, ಇಟಿಎ ಎಂಬ ಆನ್‌ಲೈನ್ ಅನುಮತಿ ಜಾರಿಗೆ ತಂದಿದೆ. ಪಾಸ್‌ಪೋರ್ಟ್‌ಗೆ ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ; ಗದಗದಿಂದ ಮುಂಬೈಗೆ ರೈಲು, ಅಲ್ಲಿಂದ ನೈರೋಬಿಗೆ ನೇರ ವಿಮಾನ. ಎಲ್ಲ ಫೋನಿನಲ್ಲೇ ಮುಗಿಯುವಾಗ ರಾಯಭಾರದ ಗೊಡವೆ ಯಾಕೆ ಎಂದು ಕೇಳುವುದು ಸಹಜ. ಹೋಗುವಾಗ ಅದರ ಕೆಲಸ ಕಡಿಮೆಯಾಗಿದೆ, ನಿಜ; ಅಲ್ಲಿ ಇಳಿದ ಮೇಲೆ ನಮ್ಮ ದೇಶದ ಹೈಕಮಿಷನ್ನಿನ ಕೆಲಸ ಒಂದಿಷ್ಟೂ ಕಡಿಮೆಯಾಗಿಲ್ಲ.

ಇದಕ್ಕೆ ನಮ್ಮ ರಾಜ್ಯದವರೇ ಸಾಕ್ಷಿ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಕಾಳಗ ಶುರುವಾದಾಗ ಮೈಸೂರು, ಶಿವಮೊಗ್ಗ, ದಾವಣಗೆರೆ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಎಲ್-ಫಶೀರ್ ಊರಿನಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು ಅವರು. ಖಾರ್ಟೂಮಿನ ಭಾರತೀಯ ರಾಯಭಾರ ಕಚೇರಿಯೇ ಗುಂಡಿನ ನಡುವೆ ಇತ್ತು, ಅದರಿಂದೇನು ಉಪಯೋಗ ಎನ್ನಬಹುದು. ಆದರೆ ಯಾರು ಯಾವ ಊರಿನಲ್ಲಿದ್ದಾರೆ ಎಂಬ ಪಟ್ಟಿ ಕೈಯಲ್ಲಿಲ್ಲದೆ, ಅವರನ್ನು ಕರೆತಂದ ‘ಆಪರೇಷನ್ ಕಾವೇರಿ’ ನಡೆಯುತ್ತಿರಲಿಲ್ಲ. ಜನರನ್ನು ಪೋರ್ಟ್ ಸುಡಾನಿಗೆ ಸೇರಿಸಿ, ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಜೆಡ್ಡಾಕ್ಕೆ ದಾಟಿಸಿ ಊರಿಗೆ ತಂದದ್ದು ಸರ್ಕಾರಗಳ ನಡುವಿನ ಮಾತಿನ ಬಲದಿಂದ. ಕೀನ್ಯಾ ಸುಡಾನಲ್ಲ, ಒಪ್ಪೋಣ. ಆದರೆ ಪಾಸ್‌ಪೋರ್ಟ್ ಕಳೆಯಲು ಯುದ್ಧ ಬೇಕಿಲ್ಲ. ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ನೈರೋಬಿಯ ಭಾರತೀಯ ಹೈಕಮಿಷನ್ನಿನಿಂದ ತುರ್ತು ಪ್ರಯಾಣ ಪತ್ರ. ಟ್ರಾವೆಲ್ ಏಜೆಂಟ್ ಎಷ್ಟೇ ಗಟ್ಟಿಗನಾದರೂ ಅದನ್ನು ಕೊಡಲಾರ. ಕರಾವಳಿಗೆ ಹೋಗುವವರಿಗೆ ಮೊಂಬಾಸಾದಲ್ಲೂ ಭಾರತದ ಕಚೇರಿಯಿದೆ. ಹಾಗೆಂದು ಹೈಕಮಿಷನ್ ಸರ್ವಶಕ್ತವೆಂದು ನಂಬಬೇಡಿ. ಬಂಧನವಾದರೆ ಬಿಡಿಸಿ ತರುವ ಅಧಿಕಾರ ಅದಕ್ಕಿಲ್ಲ. ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದ ಕೊಡುವುದು ಅಧಿಕಾರಿ ನಿಮ್ಮನ್ನು ಬಂದು ಕಾಣುವ, ವಕೀಲರ ವ್ಯವಸ್ಥೆಗೆ ನೆರವಾಗುವ ಹಕ್ಕನ್ನು. ಅದೇ ವರ್ಷದ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ನಮ್ಮ ನಂಟು ಅದಕ್ಕೂ ಹಳೆಯದು: ಬ್ರಿಟಿಷರ ಆಳ್ವಿಕೆಯಲ್ಲೇ, 1948ರಲ್ಲಿ, ಭಾರತ ನೈರೋಬಿಗೆ ಕಮಿಷನರ್ ಆಗಿ ಅಪ್ಪಾಸಾಹೇಬ ಪಂತರನ್ನು ಕಳಿಸಿತ್ತು. ಅವರು ಔಂಧ್ ಸಂಸ್ಥಾನದ ರಾಜಕುಮಾರರು.

ಇನ್ನು ಸಿದ್ಧತೆ. ಇಟಿಎ ಅರ್ಜಿಯನ್ನು ಕೀನ್ಯಾ ಸರ್ಕಾರದ ತಾಣದಲ್ಲೇ ಹಾಕಿ. ಅದರಂತೆ ಕಾಣುವ ಖಾಸಗಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟ್ ಅವಧಿ ಆರು ತಿಂಗಳಾದರೂ ಉಳಿದಿರಲಿ. ಬಹಳ ಮಂದಿ ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಹೋಗುವಾಗ ಯಾರೂ ಕೇಳದಿರಬಹುದು, ಮರಳುವಾಗ ಭಾರತ ಕೇಳುತ್ತದೆ. ಪ್ರಮಾಣಪತ್ರವಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ವಾಸ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುವ ಈ ಲಸಿಕೆಯ ಪತ್ರ ಊರ್ಜಿತವಾಗುವುದು ಹಾಕಿಸಿದ ಹತ್ತು ದಿನಗಳ ಮೇಲೆ. ಆದ್ದರಿಂದ ಟಿಕೆಟ್ಟಿಗೆ ಮೊದಲೇ ಅದರ ದಿನ ಗೊತ್ತುಮಾಡಿಕೊಳ್ಳಿ. ನೈರೋಬಿ ಹೈಕಮಿಷನ್ನಿನ ವಿಳಾಸ, ತುರ್ತು ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನಿಂದ ಬೇರೆ ಚೀಲದಲ್ಲಿಡಿ. ಪಾಸ್‌ಪೋರ್ಟಿನ ಜೆರಾಕ್ಸ್ ಒಂದು ಅಸೂಟಿಯ ಮನೆಯಲ್ಲೂ ಇರಲಿ.